ಹಲವರು ಕೂರುವ ಕೋಣೆಯಲ್ಲಿ ಕಂಪ್ಯೂಟರ್‌ಗೆ ಧೂಳು ಸೇರದಂತೆ ನೋಡಿಕೊಳ್ಳುವುದು ಹೇಗೆ?

ನಾವು ಹದಿನಾಲ್ಕು ಜನ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡುವವರು. ಬಾಗಿಲ ಪಕ್ಕದ ಮೇಜಿಗೆ ಇಂಥವರೇ ಅಂತ ಇಲ್ಲ, ಯಾರು ಮೊದಲು ಬಂದರೆ ಅವರು ಕೂರುತ್ತಾರೆ. ಆ ಮೇಜಿನ ಕೆಳಗಿದ್ದ ಕಂಪ್ಯೂಟರ್ ದಿನಾ ಮಧ್ಯಾಹ್ನದ ಹೊತ್ತಿಗೆ ತಾನಾಗೇ ಆಫ್ ಆಗತೊಡಗಿತು. ವೈರಸ್ ಇರಬಹುದು ಎಂದರು ಒಬ್ಬರು. ಇನ್ನೊಬ್ಬರು ಅರ್ಧ ದಿನ ಕೂತು ವಿಂಡೋಸ್ ಮತ್ತೆ ಹಾಕಿದರು. ಮರುದಿನವೂ ಅದೇ ಕಥೆ. ಕೊನೆಗೆ ಪಕ್ಕದ ಮುಚ್ಚಳ ಬಿಚ್ಚಿ, ಪ್ರೊಸೆಸರ್ ಮೇಲಿನ ಫ್ಯಾನ್ ಎತ್ತಿ ನೋಡಿದೆ. ಕೆಳಗಿನ ಹೀಟ್‌ಸಿಂಕ್, ಅಂದರೆ ಪ್ರೊಸೆಸರ್‌ನ ಬಿಸಿಯನ್ನು ಹೀರಿ ಗಾಳಿಗೆ ಬಿಡುವ ಲೋಹದ ತಗಡುಗಳ ಸಾಲು, ಕಾಣುತ್ತಲೇ ಇರಲಿಲ್ಲ. ಅದರ ಮೇಲೆ ಬೂದು ಬಣ್ಣದ ಕಂಬಳಿ ಹೊದಿಸಿದ ಹಾಗಿತ್ತು. ಚಿಮುಟದಿಂದ ಒಂದು ಮೂಲೆ ಹಿಡಿದು ಎಳೆದರೆ ಪೂರ್ತಿ ಒಂದೇ ತುಂಡಾಗಿ ಎದ್ದು ಬಂತು. ತಿರುಗಿಸಿ ನೋಡಿದರೆ ಅದರ ಅಡಿಯಲ್ಲಿ ಹೀಟ್‌ಸಿಂಕ್ ತಗಡುಗಳ ಅಚ್ಚು, ಗೆರೆ ಗೆರೆಯಾಗಿ, ಬಾಚಣಿಗೆ ಒತ್ತಿದಂತೆ ಮೂಡಿತ್ತು.

ಅದನ್ನು ತೆಗೆದ ಮೇಲೆ ಅದೇ ಕೆಲಸಕ್ಕೆ 96 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದ್ದ ಪ್ರೊಸೆಸರ್ 70ರ ಆಸುಪಾಸಿಗೆ ಇಳಿಯಿತು. ಆಫ್ ಆಗುವುದು ನಿಂತಿತು.

ಅವತ್ತು ನನಗೆ ಹೊಳೆದದ್ದು ಇಷ್ಟು. ಸ್ವಂತ ಕಂಪ್ಯೂಟರ್ ಆಗಿದ್ದರೆ ಫ್ಯಾನ್ ಸದ್ದು ಜಾಸ್ತಿಯಾದ ಕೂಡಲೇ ಯಾರಾದರೂ ಗಮನಿಸುತ್ತಿದ್ದರು. ಇದು ಎಲ್ಲರದ್ದೂ, ಹಾಗಾಗಿ ಯಾರದ್ದೂ ಅಲ್ಲ. ಧೂಳು ತೆಗೆಯುವುದು ಹೇಗೆ ಅನ್ನುವುದನ್ನು ಹೇಳುವ ಜನ ಬಹಳ ಇದ್ದಾರೆ, ನಾನೂ ಕೆಳಗೆ ಹೇಳುತ್ತೇನೆ. ಆದರೆ ಹಲವರು ಕೂರುವ ಜಾಗದಲ್ಲಿ ಅದಕ್ಕಿಂತ ದೊಡ್ಡ ಕೆಲಸ ಎರಡಿವೆ: ಧೂಳು ಕಂಪ್ಯೂಟರ್ ಡಬ್ಬಿಯ ಹತ್ತಿರ ಬರುವ ಮೊದಲೇ ತಡೆಯುವುದು, ಮತ್ತು ನೋಡಿಕೊಳ್ಳುವವರು ಯಾರು ಎಂದು ಗೊತ್ತು ಮಾಡುವುದು. ಇವೆರಡು ಆಗದಿದ್ದರೆ ಎಷ್ಟು ಊದಿದರೂ ಮೂರು ತಿಂಗಳಿಗೆ ಮತ್ತೆ ಅದೇ ಕಂಬಳಿ.

ಧೂಳು ಎಲ್ಲಿಂದ ಬರುತ್ತಿದೆ, ಮೊದಲು ಅದನ್ನು ಹುಡುಕಿ

ಕಿಟಕಿ ಮುಚ್ಚಿದರೆ ಧೂಳು ಬರುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಮುಚ್ಚಿದ ಕೋಣೆಯಲ್ಲೂ ಧೂಳು ಹುಟ್ಟುತ್ತದೆ. ಬಟ್ಟೆಯಿಂದ ಉದುರುವ ನೂಲಿನ ಎಳೆ, ಮೈಯಿಂದ ಉದುರುವ ಚರ್ಮದ ಪುಡಿ, ಕೂದಲು, ಕಾಗದದ ನಾರು, ಚಪ್ಪಲಿ ಶೂಗೆ ಅಂಟಿ ಬರುವ ಮಣ್ಣು. ಜನ ಜಾಸ್ತಿ ಇದ್ದಷ್ಟೂ ಇದೆಲ್ಲ ಜಾಸ್ತಿ. ಮಣ್ಣಿನ ಪುಡಿ ಒಂದೇ ಆದರೆ ಅಷ್ಟು ತೊಂದರೆ ಇಲ್ಲ, ಅದರ ಜೊತೆ ನೂಲು ಮತ್ತು ಕೂದಲು ಸೇರಿದಾಗ ಅದು ಬಲೆಯಂತೆ ಹೆಣೆದುಕೊಂಡು ಹೀಟ್‌ಸಿಂಕ್ ಬಾಯಿಗೆ ಅಡ್ಡ ಕೂರುತ್ತದೆ, ಆಮೇಲೆ ಬರುವ ಸಣ್ಣ ಪುಡಿಯೆಲ್ಲ ಅದರಲ್ಲಿ ಸಿಕ್ಕಿಕೊಳ್ಳುತ್ತಾ ಹೋಗುತ್ತದೆ.

ಕೋಣೆಯಲ್ಲಿ ಒಂದು ಸುತ್ತು ಹಾಕಿ. ಬೆರಳಲ್ಲಿ ಒರೆಸಿ ನೋಡಿ. ಯಾವ ಮೇಜಿನ ಮೇಲೆ ಬೇಗ ಧೂಳು ಕೂರುತ್ತದೆ ಎಂದು ತಿಳಿಯಬೇಕಾದರೆ ಕಪ್ಪು ಹಾಳೆಯ ತುಂಡುಗಳನ್ನು ನಾಲ್ಕಾರು ಕಡೆ ಇಟ್ಟು ಮೂರು ದಿನ ಬಿಡಿ. ಬಾಗಿಲ ಪಕ್ಕ, ಎಸಿ ಗಾಳಿ ನೇರ ಬೀಳುವ ಜಾಗ, ಪ್ರಿಂಟರ್ ಪಕ್ಕ, ಹಳೆಯ ರಟ್ಟಿನ ಡಬ್ಬಿ ಪೇರಿಸಿಟ್ಟ ಮೂಲೆ. ಇವುಗಳಲ್ಲಿ ಒಂದಾದರೂ ನಿಮಗೆ ಸಿಕ್ಕೇ ಸಿಗುತ್ತದೆ.

ಎರಡು ಮೂಲಗಳನ್ನು ಜನ ಯೋಚಿಸುವುದೇ ಇಲ್ಲ.

ಒಂದು, ಪ್ರಿಂಟರ್. ಕಾಗದ ಉರುಳೆಗಳ ನಡುವೆ ಓಡುವಾಗ ಅಂಚಿನಿಂದ ನಾರು ಉದುರುತ್ತದೆ. ಹಳೆಯ ಲೇಸರ್ ಪ್ರಿಂಟರ್ ಆದರೆ ಟೋನರ್ ಪುಡಿಯೂ (ಅದರ ಶಾಯಿ ಪುಡಿ) ಸೋರಬಹುದು. ಪ್ರಿಂಟರ್ ಮತ್ತು ಕಂಪ್ಯೂಟರ್ ಅಕ್ಕಪಕ್ಕ ಇಡುವುದು ಅನುಕೂಲ ಹೌದು, ಆದರೆ ದೂರ ಇಡಿ. ಟೋನರ್ ಚೆಲ್ಲಿದರೆ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಹಾಕಬೇಡಿ. ಆ ಪುಡಿ ಎಷ್ಟು ನುಣುಪು ಎಂದರೆ ಫಿಲ್ಟರ್ ದಾಟಿ ಹಿಂದಿನಿಂದ ಕೋಣೆಗೇ ವಾಪಸ್ ಬರುತ್ತದೆ. ತಣ್ಣೀರಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ. ಬಿಸಿ ನೀರು ಬೇಡ, ಟೋನರ್ ಬಿಸಿಗೆ ಕರಗಿ ಅಂಟುವ ಪುಡಿ.

ಇನ್ನೊಂದು, ಒಣ ಹವೆಗೆಂದು ಇಡುವ ಅಲ್ಟ್ರಾಸಾನಿಕ್ ಹ್ಯೂಮಿಡಿಫೈಯರ್. ಅದು ನೀರನ್ನು ಕುದಿಸುವುದಿಲ್ಲ, ನಡುಗಿಸಿ ಹನಿಯಾಗಿ ಒಡೆದು ಹಾರಿಸುತ್ತದೆ. ಗಡಸು ನೀರು ಹಾಕಿದರೆ ನೀರಿನಲ್ಲಿದ್ದ ಲವಣವೂ ಅದರ ಜೊತೆ ಹಾರುತ್ತದೆ, ನೀರು ಆರಿದ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಕಪ್ಪು ಮಾನಿಟರ್ ಮೇಲೆ ಹಿಟ್ಟು ಜರಡಿ ಹಿಡಿದ ಹಾಗೆ ತೆಳುವಾದ ಬಿಳಿ ಪದರ ಕಂಡರೆ ಮೊದಲು ಇದನ್ನು ಅನುಮಾನಿಸಿ. ಡಿಸ್ಟಿಲ್ಡ್ ನೀರು ಹಾಕಿ, ಇಲ್ಲವೇ ಆ ಯಂತ್ರವನ್ನೇ ಕಂಪ್ಯೂಟರ್‌ಗಳಿಂದ ದೂರ ಸರಿಸಿ.

ಡಬ್ಬಿಯನ್ನು ನೆಲದಿಂದ ಎತ್ತಿ

ನನ್ನನ್ನು ಕೇಳಿದರೆ ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಎಂದಾದರೆ ಇದನ್ನು ಮಾಡಿ. ದುಡ್ಡು ಬೇಡ, ಉಪಕರಣ ಬೇಡ.

ನಡೆದಾಡಿದಾಗ, ಗುಡಿಸಿದಾಗ, ಕುರ್ಚಿ ಎಳೆದಾಗ ಎದ್ದ ಧೂಳು ನೆಲದ ಹತ್ತಿರವೇ ಸುತ್ತಾಡುತ್ತದೆ. ಹೆಚ್ಚಿನ ಕ್ಯಾಬಿನೆಟ್‌ಗಳು (ಕಂಪ್ಯೂಟರ್ ಡಬ್ಬಿಗಳು) ಮುಂದಿನಿಂದ, ಕೆಳಗಿನಿಂದ ಗಾಳಿ ಎಳೆಯುತ್ತವೆ. ಅಂದರೆ ನೆಲದ ಮೇಲಿಟ್ಟ ಕಂಪ್ಯೂಟರ್ ದಿನವಿಡೀ ನಿಮ್ಮ ನೆಲ ಗುಡಿಸುತ್ತಿದೆ ಎಂದೇ ಅರ್ಥ. ಕಾರ್ಪೆಟ್ ಇದ್ದರೆ ಇನ್ನೂ ಕಷ್ಟ. ಕೆಳಗಿನ ಕಿಂಡಿ ಅದರೊಳಗೆ ಹೂತು ಹೋಗಿ ಗಾಳಿಯೂ ಸರಿಯಾಗಿ ಸಿಗುವುದಿಲ್ಲ, ನೂಲು ಮಾತ್ರ ಧಾರಾಳ ಸಿಗುತ್ತದೆ.

ಕನಿಷ್ಠ ಒಂದು ಗೇಣು ಎತ್ತರಕ್ಕೆ ಏರಿಸಿ. ಮರದ ಹಲಗೆ, ಗಟ್ಟಿಯಾದ ಸ್ಟ್ಯಾಂಡ್, ಏನಾದರೂ ಸರಿ, ಅಲುಗಾಡಬಾರದು ಅಷ್ಟೇ. ಮೇಜಿನ ಮೇಲೆ ಜಾಗವಿದ್ದರೆ ಅಲ್ಲೇ ಇಡಿ. ಹಿಂದೆ ಗೋಡೆಗೆ ತಾಗಿಸಬೇಡಿ, ಒಂದು ಗೇಣು ಬಿಡಿ. ಎರಡು ಪಕ್ಕ ನಾಲ್ಕು ಬೆರಳು ಬಿಟ್ಟರೂ ನಡೆಯುತ್ತದೆ. ಮೇಜಿನ ಕೆಳಗೆ ಬಾಗಿಲಿರುವ ಗೂಡಿನೊಳಗೆ ಇಟ್ಟು ಬಾಗಿಲು ಹಾಕುವುದಂತೂ ಬೇಡವೇ ಬೇಡ. ಧೂಳು ಕಡಿಮೆ ಆಗಬಹುದು, ಆದರೆ ಅದೇ ಬಿಸಿ ಗಾಳಿಯನ್ನೇ ಕಂಪ್ಯೂಟರ್ ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ.

ಹಿಂದಿನ ತಂತಿಗಳನ್ನು ಒಂದು ಕಟ್ಟು ಮಾಡಿ ಮೇಜಿನ ಅಡಿಗೆ ಕಟ್ಟಿ. ನೆಲದ ಮೇಲೆ ಗೋಜಲಾಗಿ ಬಿದ್ದ ತಂತಿಯ ನಡುವೆ ಪೊರಕೆಯೂ ಹೋಗುವುದಿಲ್ಲ, ಬಟ್ಟೆಯೂ ಹೋಗುವುದಿಲ್ಲ. ಧೂಳಿನ ಉಂಡೆಗಳು ಅಲ್ಲೇ ಬೆಳೆಯುತ್ತವೆ.

ಗಾಳಿ ಎಲ್ಲಿಂದ ಒಳಗೆ, ಎಲ್ಲಿಂದ ಹೊರಗೆ?

ಒಂದು ತೆಳುವಾದ ಟಿಶ್ಯೂ ಪೇಪರ್ ತಗೊಳ್ಳಿ. ಎರಡು ಬೆರಳಿನಷ್ಟು ಅಗಲದ ಪಟ್ಟಿ ಹರಿದುಕೊಳ್ಳಿ. ಕಂಪ್ಯೂಟರ್ ಆನ್ ಇರುವಾಗ ಅದನ್ನು ಪ್ರತಿಯೊಂದು ಕಿಂಡಿಯ ಮುಂದೆ ಹಿಡಿಯಿರಿ. ಕಾಗದ ಕಿಂಡಿಗೆ ಅಂಟಿದರೆ ಅಲ್ಲಿ ಗಾಳಿ ಒಳಗೆ ಹೋಗುತ್ತಿದೆ. ಹೊರಗೆ ಹಾರಿದರೆ ಅಲ್ಲಿಂದ ಹೊರಗೆ ಬರುತ್ತಿದೆ.

ಈಗ ಮುಖ್ಯವಾದದ್ದು ನೋಡಿ. ಫ್ಯಾನ್ ಇಲ್ಲದ ಸಂದುಗಳ ಹತ್ತಿರವೂ ಆ ಪಟ್ಟಿ ಹಿಡಿಯಿರಿ: ಯುಎಸ್‌ಬಿ ಪೋರ್ಟ್ ಸುತ್ತ, ಹಿಂದಿನ ಖಾಲಿ ಕಾರ್ಡ್ ಜಾಗ, ಮುಚ್ಚಳದ ಅಂಚು. ಅಲ್ಲೆಲ್ಲ ಕಾಗದ ಒಳಗೆ ಎಳೆಯುತ್ತಿದ್ದರೆ ನಿಮ್ಮ ಕ್ಯಾಬಿನೆಟ್‌ನಲ್ಲಿ ಹೊರಗೆ ದೂಡುವ ಫ್ಯಾನ್ ಜೋರಾಗಿದೆ, ಒಳಗೆ ಎಳೆಯುವ ಫ್ಯಾನ್ ಸಾಲುತ್ತಿಲ್ಲ. ಹೋದ ಗಾಳಿ ತುಂಬಬೇಕಲ್ಲ, ಅದು ಸಿಕ್ಕ ಸಿಕ್ಕ ಸಂದಿನಿಂದ ನುಗ್ಗುತ್ತದೆ, ಧೂಳನ್ನೂ ಕರೆದುಕೊಂಡು. ಉಲ್ಟಾ ಮಾಡಿದರೆ, ಅಂದರೆ ಒಳಗೆ ಎಳೆಯುವುದು ಸ್ವಲ್ಪ ಹೆಚ್ಚಿದ್ದರೆ, ಸಂದುಗಳಿಂದ ಗಾಳಿ ಹೊರಗೇ ಸೋರುತ್ತದೆ. ಆಗ ಧೂಳಿಗೆ ಒಳಗೆ ಬರಲು ಮುಂದಿನ ಫ್ಯಾನ್ ಒಂದೇ ದಾರಿ, ಅಲ್ಲೊಂದು ಜಾಲರಿ ಹಾಕಿದರೆ ಮುಗಿಯಿತು.

ಇದಕ್ಕೆ ಏನು ಮಾಡಬೇಕು? ಹಿಂದೆ ಒಂದೇ ಫ್ಯಾನ್ ಇದ್ದರೆ ಮುಂದೆ ಎರಡು ಹಾಕಿಸಿ. ಫ್ಯಾನ್ ಹಾಕುವಾಗ ದಿಕ್ಕು ತಪ್ಪುವುದು ಬಹಳ ಸುಲಭ. ಸ್ಟಿಕ್ಕರ್ ಮತ್ತು ಅದನ್ನು ಹಿಡಿದಿರುವ ಕಡ್ಡಿಗಳು ಕಾಣುವ ಬದಿ ಗಾಳಿ ಹೊರಬರುವ ಬದಿ. ಬಿಚ್ಚಾಗಿ ಕಾಣುವ ಬದಿಯಿಂದ ಗಾಳಿ ಒಳಗೆ ಹೋಗುತ್ತದೆ. ಹಿಂದಿನ ಖಾಲಿ ಕಾರ್ಡ್ ಜಾಗಗಳಿಗೆ ತಗಡಿನ ಪಟ್ಟಿ ಸಿಗುತ್ತದೆ, ಹಾಕಿಬಿಡಿ. ಸುಮಾರು ಕಂಪ್ಯೂಟರ್‌ಗಳಲ್ಲಿ ಯಾವುದೋ ಕಾಲದಲ್ಲಿ ಕಾರ್ಡ್ ತೆಗೆದವರು ಪಟ್ಟಿ ಹಾಕದೆ ಬಿಟ್ಟಿರುತ್ತಾರೆ.

ಜಾಲರಿ ವಿಷಯ. ಒಳಗೆ ಎಳೆಯುವ ಕಿಂಡಿಗೆ ಮಾತ್ರ ಹಾಕಿ. ಹೊರಗೆ ದೂಡುವ ಕಿಂಡಿಗೆ ಹಾಕಿದರೆ ಬಿಸಿ ಒಳಗೇ ನಿಲ್ಲುತ್ತದೆ. ದಪ್ಪ ಬಟ್ಟೆ, ಸ್ಪಂಜು, ಮಾಸ್ಕ್ ಬಟ್ಟೆ ಕಟ್ಟುವವರನ್ನು ನೋಡಿದ್ದೇನೆ. ಧೂಳು ನಿಲ್ಲುತ್ತದೆ, ಗಾಳಿಯೂ ನಿಲ್ಲುತ್ತದೆ. ಕಂಪ್ಯೂಟರ್‌ಗೆಂದೇ ಬರುವ ತೆಳು ನೈಲಾನ್ ಜಾಲರಿ, ಅಂಚಿಗೆ ಅಯಸ್ಕಾಂತ ಇರುವಂಥದ್ದು, ತೆಗೆದು ತೊಳೆಯಲು ಸುಲಭ. ತೊಳೆಯುವುದು ಅಂದರೆ ಸುಮ್ನೆ ನಲ್ಲಿ ಕೆಳಗೆ ಹಿಡಿಯುವುದು ಅಷ್ಟೇ, ಹಿಂಬದಿಯಿಂದ ನೀರು ಬಿಡಿ. ಆಮೇಲೆ ಪೂರ್ತಿ ಒಣಗಬೇಕು. ನಾನೊಮ್ಮೆ ಅವಸರದಲ್ಲಿ ತುಸು ತೇವ ಇರುವಾಗಲೇ ಹಾಕಿದ್ದೆ. ಒಂದೇ ವಾರಕ್ಕೆ ಧೂಳು ಅಲ್ಲಿ ಕೆಸರಿನಂತೆ ಮೆತ್ತಿ ಒಣಗಿ ಗಟ್ಟಿಯಾಗಿತ್ತು. ಈಗ ಒಂದು ಜೊತೆ ಜಾಲರಿ ಹೆಚ್ಚುವರಿ ಇಟ್ಟುಕೊಂಡಿದ್ದೇನೆ. ಒಂದು ಒಣಗುವಾಗ ಇನ್ನೊಂದು ಕೆಲಸದಲ್ಲಿರುತ್ತದೆ.

ಕೋಣೆ ಗುಡಿಸುವವರ ಜೊತೆ ಕೂತು ಮಾತಾಡಿ

ಕೋಣೆಯ ಧೂಳಿನ ಬಗ್ಗೆ ನಿಮಗಿಂತ ಚೆನ್ನಾಗಿ ಗೊತ್ತಿರುವುದು ಅವರಿಗೆ. ನಮ್ಮಲ್ಲಿ ಗುಡಿಸುವ ಅಕ್ಕ ಒಂದು ದಿನ, "ಈ ಮೇಜಿನ ಕೆಳಗೆ ನಿನ್ನೆ ತಾನೇ ಒರೆಸಿದ್ದು, ಇವತ್ತು ನೋಡಿ ಮತ್ತೆ ಹಾಗೇ ಇದೆ, ಮೇಲಿಂದ ಏನೋ ಬೀಳ್ತಿದೆ" ಎಂದರು. ಮೇಲೆ ನೋಡಿದರೆ ಎಸಿ. ಅದರ ಫಿಲ್ಟರ್ ತೆಗೆದಾಗ ಜಾಲರಿಯ ಕಣ್ಣು ಒಂದೂ ಕಾಣುತ್ತಿರಲಿಲ್ಲ. ತೊಳೆದ ಮೇಲೆ ಆ ಮೇಜಿನ ಧೂಳು ಅರ್ಧಕ್ಕರ್ಧ ಇಳಿಯಿತು. ಆ ಒಂದು ಮಾತು ಇಲ್ಲದಿದ್ದರೆ ನಾನು ಕ್ಯಾಬಿನೆಟ್ ಬಿಚ್ಚುತ್ತಲೇ ಕೂತಿರುತ್ತಿದ್ದೆ.

ಅವರ ಹತ್ತಿರ ಕೇಳಿಕೊಳ್ಳಬೇಕಾದದ್ದು ಇಷ್ಟು. ಒಣ ಪೊರಕೆಯಲ್ಲಿ ಜೋರಾಗಿ ಗುಡಿಸಿದರೆ ಧೂಳು ಹೋಗುವುದಿಲ್ಲ, ಎದ್ದು ಮತ್ತೆ ಎಲ್ಲೆಡೆ ಕೂರುತ್ತದೆ. ಆದಷ್ಟು ಒದ್ದೆ ಮಾಪ್, ಇಲ್ಲವೇ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್. ಹೆಪಾ ಎಂದರೆ 0.3 ಮೈಕ್ರಾನ್ ಗಾತ್ರದ ಕಣವನ್ನೂ 99.97 ಶೇಕಡಾ ಹಿಡಿಯುವ ಫಿಲ್ಟರ್. ನಮ್ಮ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್, ಅದಕ್ಕೆ ಹೋಲಿಸಿಕೊಳ್ಳಿ. ಗುಡಿಸುವ ಹೊತ್ತಿಗೆ ಕಂಪ್ಯೂಟರ್‌ಗಳು ಆಫ್ ಇರಬೇಕು. ಇದು ಅವರ ಕೆಲಸವಲ್ಲ, ನಮ್ಮದು. ರಾತ್ರಿ ಆಫ್ ಮಾಡದೆ ಹೋಗಿ, ಬೆಳಗ್ಗೆ ಗುಡಿಸುವಾಗ ಫ್ಯಾನ್ ತಿರುಗುತ್ತಿದ್ದರೆ ಎದ್ದ ಧೂಳನ್ನೆಲ್ಲ ಅದೇ ಕುಡಿಯುತ್ತದೆ.

ಒರೆಸುವಾಗ ಮೇಲಿನಿಂದ ಕೆಳಕ್ಕೆ. ಮೊದಲು ಕಪಾಟು, ಆಮೇಲೆ ಮೇಜು, ಕೊನೆಗೆ ನೆಲ. ಮಾನಿಟರ್ ಮೇಲೆ ನೇರ ಸ್ಪ್ರೇ ಹೊಡೆಯಬಾರದು, ದ್ರವ ಅಂಚಿನಿಂದ ಒಳಗೆ ಇಳಿಯುತ್ತದೆ. ಮೈಕ್ರೋಫೈಬರ್ ಬಟ್ಟೆಗೆ ತುಸು ನೀರು ಹಾಕಿ ಒರೆಸಿದರೆ ಸಾಕು. ಅಮೋನಿಯಾ ಇರುವ ಗಾಜು ಒರೆಸುವ ದ್ರವ ಪರದೆಗೆ ಬೇಡ. ಬಾಗಿಲಿಗೆ ಒಳಗೊಂದು ಹೊರಗೊಂದು ಕಾಲೊರೆಸು ಹಾಕಿ, ವಾರಕ್ಕೊಮ್ಮೆ ಅದನ್ನು ಹೊರಗೆ ಒಯ್ದು ಝಾಡಿಸಿ.

ಯಾರು ನೋಡಿಕೊಳ್ಳುವುದು?

ಎಲ್ಲರೂ ಸೇರಿ ನೋಡಿಕೊಳ್ಳೋಣ ಎಂದು ಮಾತ್ರ ತೀರ್ಮಾನ ಮಾಡಬೇಡಿ. ನಾವು ಅದನ್ನೇ ಮಾಡಿದ್ದೆವು, ಒಂದು ತಿಂಗಳೂ ನಡೆಯಲಿಲ್ಲ. ತಿಂಗಳಿಗೊಬ್ಬರ ಹೆಸರು ಗೋಡೆಯ ಮೇಲೆ ಬರೆದು ಹಾಕಿ. ಆ ತಿಂಗಳು ಜಾಲರಿ ತೊಳೆಯುವುದು, ಎಸಿ ಫಿಲ್ಟರ್ ನೋಡುವುದು ಅವರ ಕೆಲಸ. ಹತ್ತು ಕಂಪ್ಯೂಟರ್ ಇದ್ದರೆ ಒಂದು ಗಂಟೆ ಸಾಕು.

ಪ್ರತಿ ಕ್ಯಾಬಿನೆಟ್ ಮೇಲೆ ಕಾಗದದ ಟೇಪ್ ಅಂಟಿಸಿ ಮೂರು ವಿಷಯ ಬರೆಯಿರಿ: ಕೊನೆಯ ಬಾರಿ ಒಳಗೆ ಕ್ಲೀನ್ ಮಾಡಿದ ದಿನಾಂಕ, ಮಾಡಿದವರ ಹೆಸರು, ಕ್ಲೀನ್ ಆದ ಮೇಲೆ ಕಂಡ ಬಿಸಿ. ಈ ಮೂರನೆಯದು ತುಂಬಾ ಉಪಯೋಗ. ಆರು ತಿಂಗಳ ನಂತರ ಅದೇ ಕೆಲಸಕ್ಕೆ ಹತ್ತು ಹದಿನೈದು ಡಿಗ್ರಿ ಜಾಸ್ತಿ ತೋರಿಸಿದರೆ ಬಿಚ್ಚುವ ಸಮಯ ಬಂತು ಎಂದು ಯಾರಿಗಾದರೂ ತಿಳಿಯುತ್ತದೆ. ಬಿಸಿ ನೋಡಲು ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯು ಮಾನಿಟರ್ ಥರದ ಸಣ್ಣ ತಂತ್ರಾಂಶ ಸಿಗುತ್ತದೆ, ಲಿನಕ್ಸ್‌ನಲ್ಲಿ ಎಲ್‌ಎಂ ಸೆನ್ಸರ್ಸ್ ಹಾಕಿಕೊಂಡರೆ ಒಂದೇ ಕಮಾಂಡ್‌ಗೆ ತೋರಿಸುತ್ತದೆ. ಹಲವು ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಮುಟ್ಟಿದಾಗ ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಕಂಪ್ಯೂಟರ್ ಸ್ಲೋ ಆಗಿದೆ ಎಂದು ದೂರುವ ಎಷ್ಟೋ ಜನರ ಸಮಸ್ಯೆ ಇದೇ.

ಒಳಗೆ ಎಷ್ಟು ದಿನಕ್ಕೊಮ್ಮೆ ಕ್ಲೀನ್ ಮಾಡಬೇಕು? ನೆಲದಿಂದ ಎತ್ತಿ, ಜಾಲರಿ ಹಾಕಿದ್ದರೆ ಆರು ತಿಂಗಳಿಗೊಮ್ಮೆ ನೋಡಿದರೆ ನಡೆಯುತ್ತದೆ. ಬಾಗಿಲ ಹತ್ತಿರ, ಪ್ರಿಂಟರ್ ಹತ್ತಿರ ಇರುವುದನ್ನು ಮೂರು ತಿಂಗಳಿಗೊಮ್ಮೆ. ಇದು ನನ್ನ ಲೆಕ್ಕ, ನಿಮ್ಮ ಕೋಣೆಯ ಲೆಕ್ಕ ಆ ಟೇಪ್ ಮೇಲಿನ ಅಂಕಿಯೇ ಹೇಳುತ್ತದೆ.

ಬಿಚ್ಚಿ ಕ್ಲೀನ್ ಮಾಡುವ ದಿನ

ಬಿಚ್ಚುವ ಮುಂಚೆ ಎರಡು ವಿಷಯ ಕೇಳಿಕೊಳ್ಳಿ. ಕಂಪ್ಯೂಟರ್ ವಾರಂಟಿಯಲ್ಲಿದೆಯಾ, ಮುಚ್ಚಳದ ಮೇಲೆ ಸೀಲ್ ಇದೆಯಾ? ಇದ್ದರೆ ಸಂಬಂಧಪಟ್ಟವರ ಒಪ್ಪಿಗೆ ಬೇಕು. ಅದರಲ್ಲಿ ಯಾರದಾದರೂ ಕೆಲಸ ಅರ್ಧಕ್ಕೆ ನಿಂತಿದೆಯಾ? ಹಂಚಿಕೊಂಡ ಯಂತ್ರ ಇದು, ಇನ್ನೊಬ್ಬರ ಸೇವ್ ಆಗದ ಫೈಲ್ ನಮ್ಮ ಕೈಯಿಂದ ಹೋಗಬಾರದು. ಹಿಂದಿನ ದಿನವೇ ಚೀಟಿ ಅಂಟಿಸಿ ತಿಳಿಸಿ.

ಬೇಕಾದ ಸಾಮಾನು: ಸ್ಟಾರ್ ಸ್ಕ್ರೂ ಡ್ರೈವರ್, ಮೆತ್ತನೆಯ ಬಣ್ಣದ ಬ್ರಷ್, ಕರೆಂಟ್‌ನ ಸಣ್ಣ ಬ್ಲೋವರ್ ಅಥವಾ ಏರ್ ಕ್ಯಾನ್ (ಊದಲು ಸಿಗುವ ಸ್ಪ್ರೇ ಡಬ್ಬಿ), ಐಸೋಪ್ರೊಪೈಲ್ ಆಲ್ಕೋಹಾಲ್, ಮೂಗಿಗೆ ಮಾಸ್ಕ್.

1. ಶಟ್‌ಡೌನ್ ಮಾಡಿ. ಕಂಪ್ಯೂಟರ್‌ನ ಹಿಂಬದಿಯ ಫೋಟೊ ತೆಗೆದುಕೊಳ್ಳಿ, ಯಾವ ತಂತಿ ಎಲ್ಲಿತ್ತು ಎಂದು ಆಮೇಲೆ ನೆನಪಿರುವುದಿಲ್ಲ. ಕರೆಂಟ್ ವೈರ್ ಕಿತ್ತು, ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ವಿದ್ಯುತ್ ಖಾಲಿಯಾಗಲಿ.

2. ಕಂಪ್ಯೂಟರ್ ಅನ್ನು ಕೋಣೆಯ ಹೊರಗೆ ಒಯ್ಯಿರಿ. ಬಾಲ್ಕನಿ, ಅಂಗಳ, ತಾರಸಿ, ನೆರಳಿನಲ್ಲಿ. ಇದನ್ನು ಸೋಮಾರಿತನಕ್ಕೆ ಬಿಡಬೇಡಿ. ಒಳಗೇ ಊದಿದರೆ ಒಂದು ಯಂತ್ರದ ಧೂಳು ಮಿಕ್ಕ ಹತ್ತು ಯಂತ್ರಕ್ಕೆ ಹಂಚಿಕೆಯಾಗುತ್ತದೆ, ಕೂತವರ ಶ್ವಾಸಕ್ಕೂ ಹೋಗುತ್ತದೆ.

3. ಮುಚ್ಚಳ ತೆಗೆದು, ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹದ ಭಾಗವನ್ನು ಕೈಯಿಂದ ಮುಟ್ಟಿ. ಮೈಯಲ್ಲಿರುವ ಸ್ಟ್ಯಾಟಿಕ್, ಅಂದರೆ ಉಜ್ಜಾಟದಿಂದ ಸೇರಿದ ವಿದ್ಯುತ್, ಅಲ್ಲಿಗೆ ಇಳಿಯುತ್ತದೆ. ಹವೆ ಒಣಗಿದ ದಿನಗಳಲ್ಲಿ ಇದನ್ನು ಆಗಾಗ ಮಾಡಿ.

4. ಮೊದಲು ಬ್ರಷ್‌ನಿಂದ ಸಡಿಲಿಸಿ, ಆಮೇಲೆ ಊದಿ. ಬಾಯಿಂದ ಊದಬೇಡಿ, ಉಗುಳಿನ ಹನಿ ಬೋರ್ಡಿಗೆ ಬೀಳುತ್ತದೆ. ಫ್ಯಾನ್‌ಗೆ ಗಾಳಿ ಬಿಡುವಾಗ ರೆಕ್ಕೆಯನ್ನು ಬೆರಳಲ್ಲೋ ಪ್ಲಾಸ್ಟಿಕ್ ಕಡ್ಡಿಯಲ್ಲೋ ಹಿಡಿದುಕೊಳ್ಳಿ. ಬಿಟ್ಟರೆ ಅದು ಭರ್‍ರೆಂದು ತಿರುಗುತ್ತದೆ, ನೋಡಲು ಖುಷಿ, ಆದರೆ ತನ್ನ ಮಿತಿಗಿಂತ ವೇಗವಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

5. ಏರ್ ಕ್ಯಾನ್ ಆದರೆ ನೆಟ್ಟಗೆ ಹಿಡಿಯಿರಿ. ಓರೆ ಮಾಡಿದರೆ ಗಾಳಿಯ ಬದಲು ಒಳಗಿನ ದ್ರವವೇ ಹೊರಬರುತ್ತದೆ, ಚರ್ಮಕ್ಕೆ ತಾಗಿದರೆ ಹಿಮ ಸುಟ್ಟಂತಾಗುತ್ತದೆ. ಬಹಳಷ್ಟು ಕ್ಯಾನ್‌ಗಳಲ್ಲಿರುವ ಅನಿಲ ಬೆಂಕಿ ಹತ್ತುವಂಥದ್ದು. ಆನ್ ಇರುವ ಯಂತ್ರದ ಮೇಲೆ ಬಳಸಲೇಬಾರದು. ಸಣ್ಣ ಸಣ್ಣ ಊದಾಗಿ ಬಿಡಿ, ಒಂದು ಗೇಣು ದೂರದಿಂದ.

6. ಹೀಟ್‌ಸಿಂಕ್‌ಗೆ ಎರಡೂ ಕಡೆಯಿಂದ ಗಾಳಿ ಬೇಕು. ಮೇಲಿನಿಂದ ಮಾತ್ರ ಊದಿದರೆ ಕಂಬಳಿ ಇನ್ನೂ ಒಳಗೆ ಒತ್ತಿಕೊಳ್ಳುತ್ತದೆ. ಫ್ಯಾನ್ ಬಿಚ್ಚಲು ಬಂದರೆ ಬಿಚ್ಚಿ. ಹೀಟ್‌ಸಿಂಕ್ ಅನ್ನೇ ಪ್ರೊಸೆಸರ್‌ನಿಂದ ಎತ್ತಿದರೆ ಮಾತ್ರ ಹಳೆಯ ಥರ್ಮಲ್ ಪೇಸ್ಟ್ (ಎರಡರ ನಡುವೆ ಬಿಸಿ ದಾಟಿಸಲು ಹಚ್ಚುವ ಲೇಪ) ಆಲ್ಕೋಹಾಲ್‌ನಲ್ಲಿ ಒರೆಸಿ ಹೊಸದು ಹಾಕಲೇಬೇಕು. ಹೊಸ ಪೇಸ್ಟ್ ಕೈಯಲ್ಲಿಲ್ಲ ಎಂದರೆ ಎತ್ತಬೇಡಿ.

7. ಎಸ್‌ಎಂಪಿಎಸ್, ಅಂದರೆ ಕರೆಂಟ್ ವೈರ್ ಬಂದು ಸೇರುವ ಪವರ್ ಸಪ್ಲೈ ಡಬ್ಬಿ, ಅದನ್ನು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರಬಹುದು. ಹೊರಗಿನ ಜಾಲರಿಯಿಂದಲೇ ಊದಿ. ಲೋಹದ ಕಡ್ಡಿ ಒಳಗೆ ತೂರಿಸಬೇಡಿ.

8. ವ್ಯಾಕ್ಯೂಮ್ ಕ್ಲೀನರ್‌ನ ಮೂತಿಯನ್ನು ಬೋರ್ಡಿಗೆ ತಾಗಿಸಬೇಡಿ. ಗಾಳಿ ಮತ್ತು ಧೂಳು ಪ್ಲಾಸ್ಟಿಕ್‌ಗೆ ಉಜ್ಜಿ ಅಲ್ಲಿ ಸ್ಟ್ಯಾಟಿಕ್ ಹುಟ್ಟುತ್ತದೆ. ಖಾಲಿ ಕ್ಯಾಬಿನೆಟ್ ತಳ, ಹೊರಗಿನ ಕಿಂಡಿ, ಇಷ್ಟಕ್ಕೆ ಬಳಸಬಹುದು.

ಹಾರ್ಡ್ ಡಿಸ್ಕ್ ಇದ್ದರೆ ಅದರ ಮೈಮೇಲೆ ಒಂದು ಸಣ್ಣ ತೂತು ಕಾಣಬಹುದು. ಅದು ಒಳಗಿನ ಹೊರಗಿನ ಗಾಳಿಯ ಒತ್ತಡ ಸಮ ಮಾಡಲು ಇಟ್ಟದ್ದು, ಒಳಗೆ ಫಿಲ್ಟರ್ ಇದೆ. ಧೂಳು ಹೋಗುತ್ತದೆಂದು ಅದಕ್ಕೆ ಟೇಪ್ ಹಚ್ಚಬೇಡಿ, ಅದಕ್ಕೆ ನೇರವಾಗಿ ಗಾಳಿಯನ್ನೂ ಬಿಡಬೇಡಿ.

ಲ್ಯಾಪ್‌ಟಾಪ್‌ನಲ್ಲಿ ಕಂಬಳಿ ಕೂರುವ ಜಾಗ ಒಂದೇ, ಫ್ಯಾನ್ ಮತ್ತು ಅಂಚಿನ ತಗಡುಗಳ ನಡುವಿನ ಬೆರಳಗಲ ಸಂದು. ಹೊರಗಿನಿಂದ ಊದಿದರೆ ಅದು ಸಡಿಲವಾಗಿ ಫ್ಯಾನ್ ಒಳಗೆ ಬೀಳುತ್ತದೆ, ಎರಡು ದಿನ ತಂಪಾಗಿ ಮೂರನೇ ದಿನ ಮತ್ತೆ ಅಲ್ಲೇ ಹೋಗಿ ಕೂರುತ್ತದೆ. ಅಡಿ ಮುಚ್ಚಳ ಬಿಚ್ಚಿ, ಮೊದಲು ಬ್ಯಾಟರಿ ಕನೆಕ್ಟರ್ ಕಿತ್ತು, ಆಮೇಲೆ ಚಿಮುಟದಿಂದ ತೆಗೆಯುವುದೇ ಸರಿಯಾದ ದಾರಿ. ಅಭ್ಯಾಸವಿಲ್ಲದಿದ್ದರೆ ಗೊತ್ತಿರುವವರ ಕೈಗೆ ಕೊಡಿ. ಬೇರೆಯಾಗಿರುವ ಕೀಬೋರ್ಡ್ ಆದರೆ ಮಗುಚಿ ಹಿಂದೆ ತಟ್ಟಿ, ಬ್ರಷ್ ಆಡಿಸಿ, ಅಷ್ಟು ಸಾಕು.

ಹೊದಿಕೆ ಹಾಕಬೇಕಾ?

ಆಫ್ ಮಾಡಿದ ಮೇಲೆ, ಮೈ ತಣ್ಣಗಾದ ಮೇಲೆ, ಧಾರಾಳ ಹಾಕಿ. ಹಂಚಿಕೊಂಡ ಜಾಗದಲ್ಲಿ ಅಪಾಯ ಏನೆಂದರೆ ಒಬ್ಬರು ಹೊದಿಸಿರುತ್ತಾರೆ, ಮರುದಿನ ಬಂದವರು ಮಾನಿಟರ್ ಹೊದಿಕೆ ಮಾತ್ರ ತೆಗೆದು ಕೆಳಗಿನ ಕ್ಯಾಬಿನೆಟ್ ಮರೆತು ಆನ್ ಮಾಡುತ್ತಾರೆ. ಹಾಗಾಗಿ ಹೊದಿಕೆ ಪವರ್ ಬಟನ್ ಮುಚ್ಚುವಂತಿರಲಿ. ತೆಗೆಯದೆ ಆನ್ ಮಾಡಲು ಆಗಬಾರದು.

ಕೋಣೆಯಲ್ಲಿ ಗೋಡೆ ಕೊರೆಯುವುದು, ಉಜ್ಜುವುದು, ಬಣ್ಣ ಬಳಿಯುವುದು ಇದ್ದರೆ ಮಾತ್ರ ಹೊದಿಕೆ ನಂಬಬೇಡಿ. ಸಿಮೆಂಟ್, ಜಿಪ್ಸಂ ಪುಡಿ ಬಹಳ ಸಣ್ಣದು, ಎಲ್ಲಿ ಬೇಕಾದರೂ ನುಗ್ಗುತ್ತದೆ, ತೇವ ತಾಗಿದರೆ ಗಟ್ಟಿ ಹಿಡಿಯುತ್ತದೆ. ಕಂಪ್ಯೂಟರ್‌ಗಳನ್ನು ಬೇರೆ ಕೋಣೆಗೆ ಸಾಗಿಸಿ. ಆಗದಿದ್ದರೆ ಆಫ್ ಮಾಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಟೇಪ್ ಹಚ್ಚಿ. ಕೆಲಸ ಮುಗಿದು, ನೆಲ ಎರಡು ಸಲ ಒರೆಸಿ, ಒಂದು ರಾತ್ರಿ ಕಳೆದ ಮೇಲೆ ಬಿಚ್ಚಿ.

ತೇವದ ಬಗ್ಗೆಯೂ ಒಂದು ಮಾತು. ಒಣ ಧೂಳು ಬಿಸಿ ಹಿಡಿದಿಡುತ್ತದೆ, ಅಷ್ಟೇ. ತೇವ ಕುಡಿದ ಧೂಳು ವಿದ್ಯುತ್ ಹರಿಸಬಲ್ಲದು, ಕಾಲಕ್ರಮದಲ್ಲಿ ಬೋರ್ಡಿನ ಲೋಹವನ್ನೂ ತಿನ್ನಬಲ್ಲದು. ಕೋಣೆಯ ತೇವಾಂಶ 40ರಿಂದ 60 ಶೇಕಡಾ ಒಳಗಿದ್ದರೆ ಒಳ್ಳೆಯದು. ಅದಕ್ಕಿಂತ ಕೆಳಗೆ ಹೋದರೆ ಸ್ಟ್ಯಾಟಿಕ್ ಕಾಟ.

ಜೋಡಿಸಿದ ಮೇಲೆ ಆನ್ ಆಗದಿದ್ದರೆ

ಗಾಬರಿ ಬೇಡ. ಕ್ಲೀನ್ ಮಾಡಿದ ದಿನ ಹೀಗೆ ಆಗುವುದು ಮಾಮೂಲು. ಕ್ರಮವಾಗಿ ನೋಡಿ. ಎಸ್‌ಎಂಪಿಎಸ್ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಒರೆಸುವಾಗ ಕೈ ತಾಗಿ ಆಫ್ ಆಗಿರಬಹುದು. ಆಮೇಲೆ ಫೋಟೊ ನೋಡಿ ತಂತಿಗಳನ್ನು ಹೋಲಿಸಿ. ಫ್ಯಾನ್ ತಿರುಗುತ್ತಿದೆ, ಪರದೆ ಮಾತ್ರ ಕಪ್ಪು ಎಂದರೆ ಮೊದಲ ಅನುಮಾನ ಮೆಮೊರಿ ಪಟ್ಟಿಯಾದ ರ್‍ಯಾಮ್ ಮೇಲೆ. ಪ್ಲಗ್ ಕಿತ್ತು, ರ್‍ಯಾಮ್ ತೆಗೆದು, ಚಿನ್ನದ ಬಣ್ಣದ ಹಲ್ಲುಗಳನ್ನು ಆಲ್ಕೋಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ. ರಬ್ಬರ್‌ನಿಂದ ಉಜ್ಜುವ ಅಭ್ಯಾಸ ಬಹಳ ಕಡೆ ಇದೆ, ಅದು ಪುಡಿ ಬಿಡುತ್ತದೆ, ಆ ಪುಡಿ ಮತ್ತೆ ಸ್ಲಾಟ್‌ಗೇ ಬೀಳುತ್ತದೆ. ಒಣಗಿದ ಮೇಲೆ ಎರಡೂ ಬದಿಯಲ್ಲಿ ಟಕ್ ಎನ್ನುವ ತನಕ ಒತ್ತಿ ಕೂರಿಸಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದಕ್ಕೂ ಹೀಗೇ, ಮಾನಿಟರ್ ತಂತಿ ಆ ಕಾರ್ಡಿಗೇ ಚುಚ್ಚಿದ್ದೀರಾ ಎಂದೂ ನೋಡಿ.

ಆನ್ ಆದ ಮೇಲೆ ಮುಚ್ಚಳ ಹಾಕುವ ಮುಂಚೆ ಎಲ್ಲ ಫ್ಯಾನ್ ತಿರುಗುತ್ತಿವೆಯಾ ಎಂದು ಕಣ್ಣಿಂದ ನೋಡಿ, ತಂತಿ ಯಾವುದೂ ರೆಕ್ಕೆಗೆ ತಾಗುತ್ತಿಲ್ಲ ತಾನೇ? ಮುಚ್ಚಳ ಹಾಕಿ. ಟಿಶ್ಯೂ ಪಟ್ಟಿಯನ್ನು ಇನ್ನೊಮ್ಮೆ ಮುಂದಿನ ಕಿಂಡಿಗೆ ಹಿಡಿಯಿರಿ, ಅಂಟಬೇಕು. ಅರ್ಧ ಗಂಟೆ ಮಾಮೂಲಿ ಕೆಲಸ ಮಾಡಿ, ಬಿಸಿ ಎಷ್ಟಿದೆ ನೋಡಿ, ಟೇಪ್ ಮೇಲೆ ಇವತ್ತಿನ ದಿನಾಂಕದ ಪಕ್ಕ ಬರೆಯಿರಿ.